ಕುರ್ಟ್ ಟ್ಯಾಂಕ್

ಕುರ್ಟ್ ವಾಲ್ಡೆಮಾರ್ ಟ್ಯಾಂಕ್ (24 ಫೆಬ್ರವರಿ 1898 – 5 ಜೂನ್ 1983) ಜರ್ಮನಿಯ ಪ್ರಸಿದ್ಧ ವಿಮಾನ ವಿನ್ಯಾಸಕಾರರು ಹಾಗೂ ಪರೀಕ್ಷಾ ಪೈಲಟ್. ಎರಡನೆಯ ಮಹಾಯುದ್ಧದ ಕಾಲದ ಫೋಕೆ-ವುಲ್ಫ್ 190 ಯುದ್ಧವಿಮಾನವು ಇವರ ಹೆಸರನ್ನು ಜಗತ್ತಿಗೆ ಪರಿಚಯಿಸಿತು. ಭಾರತದ ಮಟ್ಟಿಗೆ, ಅದರಲ್ಲೂ ಕರ್ನಾಟಕದ ಮಟ್ಟಿಗೆ, ಇವರು ಮುಖ್ಯರಾಗುವುದು ಬೇರೊಂದು ಕಾರಣಕ್ಕೆ. 1956ರಿಂದ 1967ರವರೆಗೆ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿದ್ದು, ಭಾರತದಲ್ಲಿಯೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನವಾದ ಎಚ್‌ಎಫ್-24 ಮರುತ್‌ನ ವಿನ್ಯಾಸ ತಂಡವನ್ನು ಇವರು ಮುನ್ನಡೆಸಿದರು. ಬ್ರೆಮೆನ್, ಕಾರ್ಡೊಬಾ, ಬೆಂಗಳೂರು ಹೀಗೆ ಮೂರು ಖಂಡಗಳ ಮೂರು ಊರುಗಳಲ್ಲಿ ಇವರು ದುಡಿದರು. ಒಳ್ಳೆಯ ವಿಮಾನದ ಒಡಲನ್ನು ರೂಪಿಸುವುದು ಇವರಿಗೆ ಎಲ್ಲಿಯೂ ಕಷ್ಟವಾಗಲಿಲ್ಲ. ಅದಕ್ಕೆ ತಕ್ಕ ಎಂಜಿನ್ ದೊರಕಿದಾಗ ಗೆದ್ದರು, ದೊರಕದಿದ್ದಾಗ ಅವರ ವಿಮಾನ ಅರ್ಧಕ್ಕೆ ನಿಂತಿತು.

ಟ್ಯಾಂಕ್ ಎಂಬುದು ಇವರ ಮನೆತನದ ಹೆಸರು. ರಣರಂಗದ ಟ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಜರ್ಮನ್ ಉಚ್ಚಾರಣೆಯಲ್ಲಿ ಇದು ಟಾಂಕ್ ಎಂದಾಗುತ್ತದೆ. ಇಂಗ್ಲಿಷಿನ ಮೂಲಕ ಬಂದ ರೂಪವೇ ಕನ್ನಡದಲ್ಲಿ ರೂಢಿಯಾಗಿರುವುದರಿಂದ ಈ ಲೇಖನದಲ್ಲಿಯೂ ಅದನ್ನೇ ಉಳಿಸಿಕೊಳ್ಳಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಟ್ಯಾಂಕ್ ಅವರು ಜನಿಸಿದ್ದು ಅಂದಿನ ಪ್ರಷ್ಯಾದ ಬ್ರೋಂಬೆರ್ಗ್ ಪಟ್ಟಣದಲ್ಲಿ. ಈ ಊರು ಇಂದು ಪೋಲೆಂಡಿನಲ್ಲಿದ್ದು ಬಿಡ್ಗೋಷ್ಟ್ ಎಂದು ಕರೆಯಲ್ಪಡುತ್ತದೆ. ಮನೆಯಲ್ಲಿ ಸೈನಿಕ ಪರಂಪರೆಯಿತ್ತು. ಮೊದಲನೆಯ ಮಹಾಯುದ್ಧ ಆರಂಭವಾದಾಗ ಹುಡುಗನಿಗೆ ವಾಯುದಳ ಸೇರುವ ಆಸೆ. ಆದರೆ ತಂದೆಯ ಇಚ್ಛೆಯಂತೆ ಅಶ್ವದಳ ಸೇರಬೇಕಾಯಿತು. ಕುದುರೆಯ ಬೆನ್ನಿನ ಮೇಲೆ ಕಳೆದ ಆ ವರ್ಷಗಳು ವ್ಯರ್ಥವಾಗಲಿಲ್ಲ. ಮುಂದೆ ಯುದ್ಧವಿಮಾನ ಹೇಗಿರಬೇಕೆಂದು ಯೋಚಿಸುವಾಗ ಅವರ ಮನಸ್ಸಿನಲ್ಲಿದ್ದುದು ಪಂದ್ಯದ ಕುದುರೆಯಲ್ಲ, ಕೆಸರಿನಲ್ಲೂ ಚಳಿಯಲ್ಲೂ ಸವಾರನನ್ನು ಕೈಬಿಡದ ದಂಡಿನ ಕುದುರೆ.

ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ತಾಂತ್ರಿಕ ಮಹಾವಿದ್ಯಾಲಯವನ್ನು ಸೇರಿ 1923ರಲ್ಲಿ ಪದವಿ ಪಡೆದರು. ವರ್ಸೈ ಒಪ್ಪಂದವು ಜರ್ಮನಿಗೆ ಯುದ್ಧವಿಮಾನಗಳನ್ನು ನಿಷೇಧಿಸಿದ್ದ ಕಾಲವದು. ಹಾರಾಟದ ಹುಚ್ಚಿದ್ದ ವಿದ್ಯಾರ್ಥಿಗಳಿಗೆ ಉಳಿದಿದ್ದ ಮುಖ್ಯ ದಾರಿ ಎಂಜಿನ್ ಇಲ್ಲದ ಗ್ಲೈಡರ್. ಬರ್ಲಿನ್ನಿನ ವಿದ್ಯಾರ್ಥಿಗಳು ಕಟ್ಟಿಕೊಂಡ ಹಾರಾಟದ ಸಂಘದ ಸ್ಥಾಪಕ ಸದಸ್ಯರಲ್ಲಿ ಟ್ಯಾಂಕ್ ಒಬ್ಬರು. ತಾವೇ ಕಟ್ಟಿ ತಾವೇ ಹಾರಿಸುವ ಅಭ್ಯಾಸ ಅವರಿಗೆ ಅಂಟಿಕೊಂಡದ್ದು ಅಲ್ಲಿಯೇ. ತಮ್ಮ ವಿನ್ಯಾಸಗಳನ್ನು ಸ್ವತಃ ಹಾರಿಸಿ ಪರೀಕ್ಷಿಸುತ್ತಿದ್ದ ಮುಖ್ಯ ವಿನ್ಯಾಸಕಾರರು ಜಗತ್ತಿನಲ್ಲಿ ಬಹಳ ಮಂದಿ ಇರಲಿಲ್ಲ.

ಮೊದಲ ನೌಕರಿ ರೋರ್‌ಬಾಖ್ ಸಂಸ್ಥೆಯಲ್ಲಿ. ಅಲ್ಲಿ ನೀರಿನ ಮೇಲೆ ಇಳಿಯುವ ಲೋಹದ ವಿಮಾನಗಳ ಕೆಲಸ. ಬಳಿಕ ಮೆಸ್ಸರ್‌ಸ್ಮಿಟ್ ಅವರಿದ್ದ ಬವೇರಿಯಾದ ಕಾರ್ಖಾನೆಯಲ್ಲಿ ಸ್ವಲ್ಪ ಕಾಲವಿದ್ದು, 1931ರಲ್ಲಿ ಫೋಕೆ-ವುಲ್ಫ್ ಸೇರಿದರು.

ಬ್ರೆಮೆನ್ನಿನ ವರ್ಷಗಳು

ಹೆನ್ರಿಕ್ ಫೋಕೆ ಮತ್ತು ಗೆಯೊರ್ಗ್ ವುಲ್ಫ್ ಎಂಬ ಗೆಳೆಯರು ಬ್ರೆಮೆನ್ ನಗರದಲ್ಲಿ ಸ್ಥಾಪಿಸಿದ ಸಂಸ್ಥೆ ಫೋಕೆ-ವುಲ್ಫ್. ವುಲ್ಫ್ ಅವರು 1927ರಲ್ಲಿ ತಮ್ಮದೇ ವಿಮಾನದ ಪರೀಕ್ಷಾ ಹಾರಾಟದಲ್ಲಿ ಮರಣ ಹೊಂದಿದ್ದರು. ಫೋಕೆ ಅವರ ಆಸಕ್ತಿ ಹೆಲಿಕಾಪ್ಟರಿನ ಕಡೆಗೆ ಹೊರಳಿತು. ಹೀಗಾಗಿ ಸಂಸ್ಥೆಯ ವಿನ್ಯಾಸ ಕಾರ್ಯವೆಲ್ಲ ಕೆಲವೇ ವರ್ಷಗಳಲ್ಲಿ ಟ್ಯಾಂಕ್ ಅವರ ಕೈಗೆ ಬಂತು. ಫೋಕೆ-ವುಲ್ಫ್ 44 ಎಂಬ ಎರಡು ಜೊತೆ ರೆಕ್ಕೆಗಳ ತರಬೇತಿ ವಿಮಾನ ಅವರಿಗೆ ಮೊದಲ ವ್ಯಾಪಾರೀ ಯಶಸ್ಸನ್ನು ತಂದುಕೊಟ್ಟಿತು.

ನಾಲ್ಕು ಎಂಜಿನ್‌ಗಳ ಫೋಕೆ-ವುಲ್ಫ್ 200 ಕಾಂಡೋರ್ ಪ್ರಯಾಣಿಕ ವಿಮಾನ 27 ಜುಲೈ 1937ರಂದು ಮೊದಲ ಬಾರಿ ಹಾರಿದಾಗ ಚಾಲಕನ ಸ್ಥಾನದಲ್ಲಿ ಟ್ಯಾಂಕ್ ಅವರೇ ಇದ್ದರು. ಮರುವರ್ಷ ಆಗಸ್ಟ್‌ನಲ್ಲಿ ಕಾಂಡೋರ್ ಬರ್ಲಿನ್ನಿನಿಂದ ನ್ಯೂಯಾರ್ಕ್‌ಗೆ ಎಲ್ಲಿಯೂ ಇಳಿಯದೆ ಸುಮಾರು 25 ಗಂಟೆಗಳಲ್ಲಿ ಹಾರಿತು. ನವೆಂಬರ್‌ನಲ್ಲಿ ಬಸ್ರಾ, ಅಂದಿನ ಅವಿಭಜಿತ ಭಾರತದ ಕರಾಚಿ ಮತ್ತು ಹನೋಯ್ ಮಾರ್ಗವಾಗಿ ಟೋಕಿಯೋ ತಲುಪಿತು. ಶಾಂತಿಕಾಲದ ಈ ಸುಂದರ ವಿಮಾನವೇ ಯುದ್ಧ ಬಂದೊಡನೆ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟಿಷ್ ಹಡಗುಗಳನ್ನು ಹುಡುಕಿ ಮುಳುಗಿಸುವ ಬಾಂಬರ್ ಆಯಿತು. ಹಿಟ್ಲರನ ಸ್ವಂತ ಪ್ರಯಾಣಕ್ಕೂ ಒಂದು ಕಾಂಡೋರ್ ಮೀಸಲಾಗಿತ್ತು.

ಫೋಕೆ-ವುಲ್ಫ್ 190

ಜರ್ಮನಿಯ ವಾಯುಯಾನ ಇಲಾಖೆ 1937ರಲ್ಲಿ ಹೊಸ ಯುದ್ಧವಿಮಾನವೊಂದರ ಪ್ರಸ್ತಾವನೆಯನ್ನು ಕೇಳಿತು. ಆಗಲೇ ಸೇವೆಯಲ್ಲಿದ್ದ ಮೆಸ್ಸರ್‌ಸ್ಮಿಟ್ 109 ವೇಗದ ವಿಮಾನವೇ ಹೌದು. ಆದರೆ ಅದರ ಗಾಲಿಗಳು ಒಂದಕ್ಕೊಂದು ತೀರ ಹತ್ತಿರವಿದ್ದುದರಿಂದ ಇಳಿಯುವಾಗ ಅಪಘಾತಗಳು ಹೆಚ್ಚು. ಟ್ಯಾಂಕ್ ಅವರು ಗಾಲಿಗಳನ್ನು ದೂರ ದೂರ ಇರಿಸಿ, ಅವು ಒಳಮುಖವಾಗಿ ಮಡಚಿಕೊಳ್ಳುವಂತೆ ಮಾಡಿದರು. ಹದಗೆಟ್ಟ ಮೈದಾನದಲ್ಲಿಯೂ ಅನುಭವ ಸಾಲದ ಪೈಲಟ್ ಸುರಕ್ಷಿತವಾಗಿ ಇಳಿಯಬೇಕೆಂಬುದು ಇದರ ಉದ್ದೇಶ. ಪೈಲಟ್‌ನ ಹಿಡಿಕೆಯಿಂದ ರೆಕ್ಕೆ, ಬಾಲಗಳಿಗೆ ಹೋಗುವ ಸಂಪರ್ಕಕ್ಕೆ ತಂತಿಗಳ ಬದಲು ಗಟ್ಟಿ ಸರಳುಗಳನ್ನು ಬಳಸಿದರು; ತಂತಿ ಸಡಿಲಗೊಳ್ಳುತ್ತದೆ, ಸರಳು ಸಡಿಲಗೊಳ್ಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಎಂಜಿನ್ನಿನದು. ಯುರೋಪಿನ ಯುದ್ಧವಿಮಾನಗಳಲ್ಲಿ ಆಗ ನೀರಿನಿಂದ ತಣಿಯುವ ಸಪೂರ ಎಂಜಿನ್ನಿಗೆ ಮನ್ನಣೆ. ಅದರ ಮೂತಿ ಚೂಪಾಗಿರುತ್ತದೆ, ಗಾಳಿಯ ತಡೆ ಕಡಿಮೆ. ಟ್ಯಾಂಕ್ ಅವರು ಗಾಳಿಯಿಂದ ತಣಿಯುವ, ಸಿಲಿಂಡರ್‌ಗಳು ಚಕ್ರಾಕಾರವಾಗಿ ಜೋಡಣೆಗೊಂಡ ದಪ್ಪ ಎಂಜಿನ್ನನ್ನು ಆರಿಸಿಕೊಂಡರು. ನೀರಿನ ಕೊಳವೆಗೆ ಒಂದು ಗುಂಡು ತಗಲಿದರೆ ಸಪೂರ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಾದು ನಿಲ್ಲುತ್ತದೆ. ಗಾಳಿಯಿಂದ ತಣಿಯುವುದಕ್ಕೆ ಆ ಭಯವಿಲ್ಲ. ಜೊತೆಗೆ ನೀರಿನಿಂದ ತಣಿಯುವ ಎಂಜಿನ್‌ಗಳಿಗೆ ಆಗಲೇ ಬೇಡಿಕೆ ವಿಪರೀತವಾಗಿತ್ತು. ದಪ್ಪ ಎಂಜಿನ್ನನ್ನು ಬಿಗಿಯಾದ ಹೊದಿಕೆಯೊಳಗೆ ಅಡಗಿಸಿ, ಮುಂದೆ ಹನ್ನೆರಡು ಅಲಗಿನ ಫ್ಯಾನ್ ಒಂದನ್ನು ಇಟ್ಟು ಗಾಳಿಯನ್ನು ಒಳಗೆ ತಳ್ಳುವ ಉಪಾಯ ಮಾಡಲಾಯಿತು.

ಮೊದಲ ಮಾದರಿ 1 ಜೂನ್ 1939ರಂದು ಹಾನ್ಸ್ ಸಾಂಡರ್ ಎಂಬ ಪೈಲಟ್‌ನ ಕೈಯಲ್ಲಿ ಹಾರಿತು. ಎಂಜಿನ್ನಿನ ಕಾವು ಚಾಲಕನ ಕೋಣೆಯನ್ನೇ ಒಲೆಯಂತೆ ಮಾಡುತ್ತಿತ್ತು. ಬಿಎಂಡಬ್ಲ್ಯು 139 ಎಂಬ ಆ ಎಂಜಿನ್ನನ್ನು ಕೈಬಿಟ್ಟು, ಇನ್ನೂ ಬಲವಾದ, ಹದಿನಾಲ್ಕು ಸಿಲಿಂಡರ್‌ಗಳ ಬಿಎಂಡಬ್ಲ್ಯು 801 ಅನ್ನು ಅಳವಡಿಸಿ, ಚಾಲಕನ ಕೋಣೆಯನ್ನು ಹಿಂದಕ್ಕೆ ಸರಿಸಲಾಯಿತು. ಎಂಜಿನ್ ಬದಲಾದರೆ ವಿಮಾನವೇ ಬದಲಾಗಬೇಕು ಎಂಬುದಕ್ಕೆ ಇದೊಂದು ನಿದರ್ಶನ.

1941ರ ಕೊನೆಯ ಭಾಗದಲ್ಲಿ ಇಂಗ್ಲಿಷ್ ಕಾಲುವೆಯ ಮೇಲೆ ಈ ವಿಮಾನ ಕಾಣಿಸಿಕೊಂಡಾಗ ಬ್ರಿಟಿಷ್ ಪೈಲಟ್‌ಗಳು ಮೊದಲು ಅದನ್ನು ಗುರುತಿಸಲೇ ಇಲ್ಲ. ತಮ್ಮ ಸ್ಪಿಟ್‌ಫೈರ್ 5ಕ್ಕಿಂತ ಅದು ಮೇಲು ಎಂಬುದು ಮಾತ್ರ ಬೇಗನೆ ತಿಳಿಯಿತು. 23 ಜೂನ್ 1942ರಂದು ಆರ್ಮಿನ್ ಫಾಬರ್ ಎಂಬ ಜರ್ಮನ್ ಪೈಲಟ್ ದಿಕ್ಕು ತಪ್ಪಿ ವೇಲ್ಸ್‌ನ ಪೆಂಬ್ರಿ ನಿಲ್ದಾಣದಲ್ಲಿ ಇಳಿದ. ಒಂದು ಗೀರೂ ಬೀಳದ ಫೋಕೆ-ವುಲ್ಫ್ 190 ಹೀಗೆ ಶತ್ರುವಿನ ಕೈಸೇರಿತು. ಬ್ರಿಟಿಷರು ಅದನ್ನು ಹಾರಿಸಿ, ಅದರ ಒಳಗುಟ್ಟುಗಳನ್ನು ಅರಿತುಕೊಂಡರು.

ಈ ವಿಮಾನದ ಎಲ್ಲ ರೂಪಗಳೂ ಸೇರಿ 20,000ಕ್ಕೂ ಹೆಚ್ಚು ತಯಾರಾದವು. ಆ ಸಂಖ್ಯೆಯ ಹಿಂದಿರುವ ಸಂಗತಿಯನ್ನೂ ಹೇಳಬೇಕು. ಫೋಕೆ-ವುಲ್ಫ್ ಸೇರಿದಂತೆ ಜರ್ಮನಿಯ ವಿಮಾನ ಉದ್ಯಮವು ಆಕ್ರಮಿತ ದೇಶಗಳಿಂದ ಹಿಡಿದು ತಂದ ಜನರನ್ನೂ ಸೆರೆಯಾಳುಗಳನ್ನೂ ಬಲವಂತವಾಗಿ ದುಡಿಸಿಕೊಂಡಿತು. ಟ್ಯಾಂಕ್ ಅವರು ಆ ಸಂಸ್ಥೆಯ ತಾಂತ್ರಿಕ ವಿಭಾಗದ ತುದಿಯಲ್ಲಿದ್ದವರು. ವಿಮಾನಪ್ರಿಯರು ಬರೆದ ಜೀವನಚಿತ್ರಗಳಲ್ಲಿ ಈ ಭಾಗ ತೆಳುವಾಗಿಯೇ ಇರುತ್ತದೆ. ಅವರ ಪ್ರತಿಭೆಯನ್ನು ಒಪ್ಪಿಕೊಳ್ಳುವವರು ಆ ಪ್ರತಿಭೆ ಯಾರ ಸೇವೆಯಲ್ಲಿತ್ತು ಎಂಬುದನ್ನೂ ಜೊತೆಗಿಟ್ಟೇ ಓದಬೇಕಾಗುತ್ತದೆ.

ಯುದ್ಧದ ಉತ್ತರಾರ್ಧದಲ್ಲಿ ಅವರ ಗೌರವಾರ್ಥ ಹೊಸ ವಿಮಾನಗಳಿಗೆ ಅವರ ಹೆಸರಿನ ಮೊದಲ ಅಕ್ಷರಗಳನ್ನೇ ಇಡಲಾಯಿತು: ಟಿಎ 152, ಟಿಎ 154 ಇತ್ಯಾದಿ. 1943ರಲ್ಲಿ ಬ್ರೌನ್‌ಷ್ವೈಗ್ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಪ್ರಾಧ್ಯಾಪಕ ಪದವಿ ನೀಡಿತು. ಟಿಎ 154 ಮರದ ಹಲಗೆಗಳಿಂದ ಕಟ್ಟಿದ ವಿಮಾನ. ಹಲಗೆಗಳನ್ನು ಬೆಸೆಯುವ ಅಂಟನ್ನು ತಯಾರಿಸುತ್ತಿದ್ದ ಕಾರ್ಖಾನೆ ಬಾಂಬ್ ದಾಳಿಗೆ ತುತ್ತಾದ ಮೇಲೆ ಬಳಸಿದ ಬದಲಿ ಅಂಟು ಮರವನ್ನೇ ತಿಂದುಹಾಕುತ್ತಿತ್ತು. ಯೋಜನೆ ಅಲ್ಲಿಗೆ ಕೊನೆಗೊಂಡಿತು. ಅತಿ ಎತ್ತರದಲ್ಲಿ ಹಾರುವ ಟಿಎ 152 ಅತ್ಯುತ್ತಮ ವಿಮಾನವೆಂದು ಹೆಸರಾದರೂ ಬಹಳ ಕಡಿಮೆ ಸಂಖ್ಯೆಯಲ್ಲಿ ಮಾತ್ರ ಸೇವೆಗೆ ಬಂತು. ಅದನ್ನು ಹಾರಿಸುತ್ತಿದ್ದ ಟ್ಯಾಂಕ್ ಅವರಿಗೆ ಅಮೆರಿಕದ ಮಸ್ಟಾಂಗ್ ವಿಮಾನಗಳು ಎದುರಾದಾಗ ವೇಗ ಹೆಚ್ಚಿಸಿ ತಪ್ಪಿಸಿಕೊಂಡ ಪ್ರಸಂಗ ಆಗಾಗ ಉಲ್ಲೇಖವಾಗುತ್ತದೆ.

ಅರ್ಜೆಂಟೀನಾದಲ್ಲಿ

ಸೋತ ಜರ್ಮನಿಯಲ್ಲಿ ವಿಮಾನ ವಿನ್ಯಾಸಕಾರನಿಗೆ ಕೆಲಸವಿರಲಿಲ್ಲ. 1947ರಲ್ಲಿ ಪೆದ್ರೊ ಮಾಥೀಸ್ ಎಂಬ ಹುಸಿ ಹೆಸರಿನಲ್ಲಿ ಟ್ಯಾಂಕ್ ಅವರು ಅರ್ಜೆಂಟೀನಾ ತಲುಪಿದರು. ಅಧ್ಯಕ್ಷ ಹ್ವಾನ್ ಪೆರೋನ್ ಅವರಿಗೆ ಸ್ವಂತ ಜೆಟ್ ಯುದ್ಧವಿಮಾನ ಬೇಕಾಗಿತ್ತು. ಹಳೆಯ ಸಹೋದ್ಯೋಗಿಗಳಲ್ಲಿ ಅನೇಕರು ಕಾರ್ಡೊಬಾ ನಗರದ ವಿಮಾನ ಸಂಸ್ಥೆಗೆ ಬಂದು ಸೇರಿಕೊಂಡರು. ಯುದ್ಧದ ಕೊನೆಯಲ್ಲಿ ಕಾಗದದ ಮೇಲೆಯೇ ಉಳಿದಿದ್ದ ಟಿಎ 183 ಜೆಟ್ ವಿಮಾನದ ಕಲ್ಪನೆ ಇಲ್ಲಿ ಪುಲ್ಕಿ 2 ಆಗಿ ಬೆಳೆಯಿತು. ಪುಲ್ಕಿ ಎಂದರೆ ಅಲ್ಲಿನ ಮೂಲನಿವಾಸಿಗಳಾದ ಮಾಪುಚೆ ಜನರ ಭಾಷೆಯಲ್ಲಿ ಬಾಣ. ಬ್ರಿಟನ್ನಿನ ರೋಲ್ಸ್-ರಾಯ್ಸ್ ನೀನ್ ಎಂಜಿನ್ ಹೊತ್ತ ಈ ವಿಮಾನ ಜೂನ್ 1950ರಲ್ಲಿ ಹಾರಿತು. ಮುಂದಿನ ಎರಡು ವರ್ಷಗಳಲ್ಲಿ ಇಬ್ಬರು ಪೈಲಟ್‌ಗಳು ಇದರ ಅಪಘಾತಗಳಲ್ಲಿ ಮಡಿದರು. ಐದು ಮಾದರಿಗಳನ್ನು ಮೀರಿ ಯೋಜನೆ ಮುಂದುವರಿಯಲಿಲ್ಲ. 1955ರಲ್ಲಿ ಪೆರೋನ್ ಅಧಿಕಾರ ಕಳೆದುಕೊಂಡ ಬಳಿಕ ತಂಡ ಚದುರಿತು.

ಬೆಂಗಳೂರಿಗೆ ಆಗಮನ

ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಡಿಸೆಂಬರ್ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು. ಯುದ್ಧಕಾಲದಲ್ಲಿ ಅಲ್ಲಿ ನಡೆದದ್ದು ಬಹುಮಟ್ಟಿಗೆ ಜೋಡಣೆ ಮತ್ತು ರಿಪೇರಿ ಕೆಲಸ. ಸ್ವಂತ ವಿನ್ಯಾಸದ ಮೊದಲ ಹೆಜ್ಜೆ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ಎಂಬ ತರಬೇತಿ ವಿಮಾನ. ಒಂದೇ ಎಂಜಿನ್ನಿನ, ಮುಂದೆ ಪಂಖವಿರುವ ಸರಳ ವಿಮಾನವದು. ಅಲ್ಲಿಂದ ಶಬ್ದದ ಎರಡು ಪಟ್ಟು ವೇಗದ ಜೆಟ್ ಯುದ್ಧವಿಮಾನಕ್ಕೆ ನೆಗೆಯುವುದೆಂದರೆ ಹಳ್ಳ ದಾಟಿದವರು ಹೊಳೆ ದಾಟಲು ಹೊರಟಂತೆ. ಜವಾಹರಲಾಲ್ ನೆಹರೂ ಅವರ ಸರ್ಕಾರ ಅದನ್ನೇ ಬಯಸಿತು.

ಭಾರತದ ಆಹ್ವಾನವನ್ನು ಒಪ್ಪಿ ಟ್ಯಾಂಕ್ ಅವರು 1956ರಲ್ಲಿ ತಮ್ಮ ಸಹಾಯಕ ಲುಡ್ವಿಗ್ ಮಿಟ್ಟೆಲ್‌ಹುಬರ್ ಅವರೊಂದಿಗೆ ಬೆಂಗಳೂರಿಗೆ ಬಂದರು. ಕ್ರಮೇಣ ಸುಮಾರು ಹದಿನೆಂಟು ಮಂದಿ ಜರ್ಮನ್ ಎಂಜಿನಿಯರ್‌ಗಳ ತಂಡ ಕೂಡಿಕೊಂಡಿತು. ಭಾರತೀಯರ ಕಡೆಯಿಂದ ಘಾಟಗೆ ಅವರು ಇದ್ದದ್ದು ಒಂದು ಅನುಕೂಲ. ಅವರು ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರು. ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು 1942ರಲ್ಲಿ ಕಟ್ಟಿದವರು.

ಟ್ಯಾಂಕ್ ಅವರ ಮುಂದಿದ್ದ ಕೊರತೆಗಳು ಅನೇಕ. ಅತಿವೇಗದ ವಿಮಾನವನ್ನು ಪರೀಕ್ಷಿಸಲು ತಕ್ಕ ಪ್ರಯೋಗಾಲಯವಿಲ್ಲ. ಮೊದಲ ಮಾದರಿಯನ್ನು ಕಟ್ಟಲು ಪ್ರತ್ಯೇಕ ಹ್ಯಾಂಗರ್ ಇಲ್ಲ. ವಿಮಾನದ ಒಡಲು ಎಷ್ಟು ಭಾರ ತಡೆಯುತ್ತದೆಂದು ನೋಡುವ ಸಲಕರಣೆಯಿಲ್ಲ. ವಿನ್ಯಾಸ ವಿಭಾಗದಲ್ಲಿ ಅನುಭವಿಗಳು ಬೆರಳೆಣಿಕೆಯಷ್ಟು. ವಿಮಾನದ ಜೊತೆಗೆ ವಿಮಾನ ಕಟ್ಟುವ ವ್ಯವಸ್ಥೆಯನ್ನೂ ಕಟ್ಟಬೇಕಾಗಿತ್ತು.

ಮರದ ವಿಮಾನ

ಈ ಕೊರತೆಗಳಿಗೆ ಟ್ಯಾಂಕ್ ಅವರ ತಂಡ ಕಂಡುಕೊಂಡ ಉತ್ತರವು ಅವರ ವಿದ್ಯಾರ್ಥಿ ದಿನಗಳನ್ನು ನೆನಪಿಸುವಂಥದು. ಮುಂದೆ ಬರಲಿರುವ ಯುದ್ಧವಿಮಾನದ ಪೂರ್ಣ ಗಾತ್ರದ ಮಾದರಿಯನ್ನು ಮರದಲ್ಲಿ ಕಟ್ಟಲಾಯಿತು. ಅದೇ ಉದ್ದ, ಅದೇ ಅಗಲ, ಹಿಂದಕ್ಕೆ ಬಾಗಿದ ಅದೇ ರೆಕ್ಕೆ. ಆದರೆ ಎಂಜಿನ್ ಇಲ್ಲ. ಇಬ್ಬರು ಕುಳಿತುಕೊಳ್ಳಬಹುದಾದ, ಮಡಚುವ ಗಾಲಿಗಳಿದ್ದ ಈ ಗ್ಲೈಡರಿಗೆ ಎಕ್ಸ್-241 ಎಂದು ಹೆಸರು.

1959ರಲ್ಲಿ ಡಕೋಟಾ ವಿಮಾನವೊಂದು ಈ ಮರದ ವಿಮಾನವನ್ನು ಹಗ್ಗ ಕಟ್ಟಿ ಬೆಂಗಳೂರಿನ ಆಕಾಶಕ್ಕೆ ಎಳೆದೊಯ್ದಿತು. ಎತ್ತರ ತಲುಪಿದ ಮೇಲೆ ಹಗ್ಗ ಬಿಡಿಸಿಕೊಂಡು ಪೈಲಟ್ ಅದನ್ನು ತೇಲಿಸುತ್ತ ಕೆಳಗಿಳಿಸಬೇಕು. ಕಡಿಮೆ ವೇಗದಲ್ಲಿ ವಿಮಾನ ಹೇಗೆ ತಿರುಗುತ್ತದೆ, ಹೇಗೆ ಬಾಗುತ್ತದೆ, ನೆಲ ಸಮೀಪಿಸಿದಾಗ ಹೇಗೆ ವರ್ತಿಸುತ್ತದೆ ಎಂಬುದೆಲ್ಲ ಲೋಹದ ಒಂದು ತಗಡನ್ನೂ ಕತ್ತರಿಸುವ ಮೊದಲೇ ತಿಳಿಯುವಂತಾಯಿತು. ಎಪ್ಪತ್ತಕ್ಕೂ ಹೆಚ್ಚು ಬಾರಿ ಹಾರಿದ ಬಳಿಕ ಇಳಿಯುವಾಗ ಮೂತಿಯ ಗಾಲಿಯ ತೊಂದರೆಯಿಂದ ಗ್ಲೈಡರಿಗೆ ಹಾನಿಯಾಯಿತು. ಅಷ್ಟರಲ್ಲಿ ಅದರ ಕೆಲಸ ಮುಗಿದಿತ್ತು. ಭಾರತದ ವಿಮಾನ ಇತಿಹಾಸದಲ್ಲಿ ಎಕ್ಸ್-241ಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಕಡಿಮೆ ಸಾಧನದಲ್ಲಿ ಹೆಚ್ಚು ಕಲಿತ ಪ್ರಯೋಗವಾದ್ದರಿಂದ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಇದೇ.

ಎಚ್‌ಎಫ್-24 ಮರುತ್

ಎಚ್‌ಎಫ್ ಎಂಬುದು ಹಿಂದೂಸ್ಥಾನ್ ಫೈಟರ್ ಎಂಬುದರ ಹ್ರಸ್ವರೂಪ. ಮರುತ್ತುಗಳು ವೇದಗಳಲ್ಲಿ ಬರುವ ಬಿರುಗಾಳಿಯ ದೇವತೆಗಳು; ಗಾಳಿಯನ್ನು ಮಾರುತವೆಂದು ಕರೆಯುವ ಕನ್ನಡಿಗರಿಗೆ ಈ ಹೆಸರನ್ನು ವಿವರಿಸಬೇಕಿಲ್ಲ.

ಲೋಹದ ಮೊದಲ ಮರುತ್ 17 ಜೂನ್ 1961ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರ ಚಾಲನೆಯಲ್ಲಿ ಬೆಂಗಳೂರಿನಿಂದ ಹಾರಿತು. ಕೆಲವು ದಿನಗಳ ನಂತರ ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಸಮ್ಮುಖದಲ್ಲಿ ಅದರ ಪ್ರದರ್ಶನ ನಡೆಯಿತು. ಟ್ಯಾಂಕ್ ಅವರು ಬಂದು ಐದು ವರ್ಷಗಳೂ ಕಳೆದಿರಲಿಲ್ಲ. ನೀಳವಾದ ಮೈ, ಚೂಪು ಮೂತಿ, ಎರಡೂ ಪಕ್ಕಗಳಲ್ಲಿ ಗಾಳಿ ಒಳಹೋಗುವ ಬಾಯಿಗಳು, ಅಕ್ಕಪಕ್ಕದಲ್ಲಿ ಎರಡು ಎಂಜಿನ್‌ಗಳು, ನಾಲ್ಕು 30 ಮಿ.ಮೀ. ಫಿರಂಗಿಗಳು. ನೋಡಿದವರು ಅದನ್ನು ಆ ಕಾಲದ ಅತ್ಯಂತ ಸುಂದರ ಯುದ್ಧವಿಮಾನಗಳ ಸಾಲಿಗೆ ಸೇರಿಸಿದರು.

ಎಂಜಿನ್ನಿನ ಸಮಸ್ಯೆ

ಮರುತ್‌ನ ವಿನ್ಯಾಸವು ಬ್ರಿಟನ್ನಿನ ಬ್ರಿಸ್ಟಲ್ ಸಂಸ್ಥೆ ಅಭಿವೃದ್ಧಿಪಡಿಸುತ್ತಿದ್ದ ಆರ್ಫಿಯಸ್ 12 ಎಂಬ ಎಂಜಿನ್ನನ್ನು ನಂಬಿಕೊಂಡಿತ್ತು. ಆ ಎಂಜಿನ್ ಪೂರ್ಣಗೊಳ್ಳಲೇ ಇಲ್ಲ. ಬ್ರಿಟಿಷ್ ಸರ್ಕಾರ ಅದರಿಂದ ಹಿಂದೆ ಸರಿಯಿತು. ಅಭಿವೃದ್ಧಿಯ ವೆಚ್ಚವನ್ನು ವಹಿಸಿಕೊಂಡು ಅದನ್ನು ಮುಂದುವರಿಸಲು ಭಾರತ ಸರ್ಕಾರವೂ ಒಪ್ಪಲಿಲ್ಲ. ಕೊನೆಗೆ ನ್ಯಾಟ್ ವಿಮಾನಕ್ಕಾಗಿ ಬೆಂಗಳೂರಿನಲ್ಲಿ ಪರವಾನಗಿಯಡಿ ತಯಾರಾಗುತ್ತಿದ್ದ ಆರ್ಫಿಯಸ್‌ನ ಸಾಮಾನ್ಯ ರೂಪವನ್ನೇ ಎರಡೆರಡು ಅಳವಡಿಸಬೇಕಾಯಿತು. ನ್ಯಾಟ್ ಪುಟ್ಟ ವಿಮಾನ, ಅದಕ್ಕೆ ಆ ಬಲ ಧಾರಾಳವಾಗಿತ್ತು; ಮರುತ್‌ಗೆ ಎರಡಿದ್ದರೂ ಸಾಲಲಿಲ್ಲ. ಶಬ್ದದ ಎರಡು ಪಟ್ಟು ವೇಗಕ್ಕಾಗಿ ಹುಟ್ಟಿದ ವಿಮಾನ ಶಬ್ದದ ವೇಗವನ್ನು ಮುಟ್ಟುವುದರಲ್ಲಿಯೇ ದಣಿಯುತ್ತಿತ್ತು.

ಬದಲಿ ಎಂಜಿನ್ನಿಗಾಗಿ ನಡೆದ ಹುಡುಕಾಟವೇ ಒಂದು ದೊಡ್ಡ ಕಥೆ. ಸೋವಿಯತ್ ಒಕ್ಕೂಟದ ಆರ್‌ಡಿ-9 ಎಂಜಿನ್ನನ್ನು ಪರೀಕ್ಷಿಸಿ ಕೈಬಿಡಲಾಯಿತು. ಈಜಿಪ್ಟಿನಲ್ಲಿ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಅವರು ಇ-300 ಎಂಬ ಎಂಜಿನ್ನನ್ನು ರೂಪಿಸುತ್ತಿದ್ದರು. ಅದಕ್ಕಾಗಿ ಒಂದು ಮರುತ್ ವಿಮಾನವನ್ನೇ ಈಜಿಪ್ಟಿಗೆ ಕಳುಹಿಸಿ, 1967ರಲ್ಲಿ ಹೊಸ ಎಂಜಿನ್ನಿನೊಂದಿಗೆ ಹಾರಿಸಲಾಯಿತು. 1969ರಲ್ಲಿ ಆ ಯೋಜನೆಯೂ ನಿಂತಿತು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯು ಇರುವ ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಸೇರಿಸಿ ಬಲ ಹೆಚ್ಚಿಸಲು ಯತ್ನಿಸಿತು. ಬಲವೇನೋ ಹೆಚ್ಚಿತು, ಜೊತೆಗೆ ವಿಮಾನದ ಹಿಂಭಾಗದಲ್ಲಿ ಗಾಳಿಯ ತಡೆಯೂ ಹೆಚ್ಚಿತು. 10 ಜನವರಿ 1970ರಂದು ಈ ರೂಪದ ಮರುತ್ ನೆಲ ಬಿಟ್ಟ ಕೂಡಲೇ ಅಪಘಾತಕ್ಕೀಡಾಗಿ, ಆ ವೇಳೆಗೆ ಗ್ರೂಪ್ ಕ್ಯಾಪ್ಟನ್ ಆಗಿದ್ದ ಸುರಂಜನ್ ದಾಸ್ ಅವರು ನಿಧನರಾದರು. ಮೊದಲ ಮರುತ್ ಅನ್ನು ಹಾರಿಸಿದ ಕೈಗಳು ಅವೇ. ಬೆಂಗಳೂರಿನ ಎಚ್‌ಎಎಲ್ ಪರಿಸರದ ಸುರಂಜನ್ ದಾಸ್ ರಸ್ತೆಯ ಹೆಸರು ಇವರದೇ. ದಿನವೂ ಅಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ!

ಹೊಣೆ ಯಾರದೆಂಬ ಬಗ್ಗೆ ಚರ್ಚೆ ಇಂದಿಗೂ ಇದೆ. ಇನ್ನೂ ಹುಟ್ಟದ ಎಂಜಿನ್ನನ್ನು ನೆಚ್ಚಿಕೊಂಡು ವಿಮಾನ ಕಟ್ಟಿದ್ದು ಟ್ಯಾಂಕ್ ಅವರ ದುಡುಕೆಂದು ಕೆಲವರ ಅಭಿಪ್ರಾಯ. ಎಂಜಿನ್ನಿಗೆ ಹಣ ಕೊಡಲು ಹಿಂಜರಿದು, ಬಳಿಕ ಬದಲಿಗಾಗಿ ವರ್ಷಗಟ್ಟಲೆ ಅಲೆದ ಆಡಳಿತದ್ದೇ ತಪ್ಪೆಂದು ಇನ್ನು ಕೆಲವರದು. ಎರಡನೆಯ ವಾದವೇ ಹೆಚ್ಚು ಸಮಂಜಸವಾಗಿ ಕಾಣುತ್ತದೆ. ಜರ್ಮನಿಯಲ್ಲಿ ಮೊದಲ ಎಂಜಿನ್ ಸರಿಹೋಗದಿದ್ದಾಗ ಟ್ಯಾಂಕ್ ಅವರಿಗೆ ಎರಡನೆಯದು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ಏಕೆಂದರೆ ಎಂಜಿನ್ ಕಾರ್ಖಾನೆಗಳೂ ಅದೇ ದೇಶದಲ್ಲಿದ್ದವು. ಬೆಂಗಳೂರಿನಲ್ಲಿ ಹಾಗಿರಲಿಲ್ಲ.

ವಾಯುಪಡೆಯಲ್ಲಿ ಮರುತ್

ವಾಯುಪಡೆಗೆ ಮರುತ್‌ನ ವಿಧ್ಯುಕ್ತ ಸೇರ್ಪಡೆ 1967ರ ಏಪ್ರಿಲ್‌ನಲ್ಲಿ ಆಯಿತು. 10, 220 ಮತ್ತು 31ನೆಯ ಸ್ಕ್ವಾಡ್ರನ್‌ಗಳು ಇದನ್ನು ಬಳಸಿದವು. ಎರಡು ಆಸನದ ತರಬೇತಿ ರೂಪವೂ ಸೇರಿ ಒಟ್ಟು 147 ವಿಮಾನಗಳು ತಯಾರಾದವು. ಎತ್ತರದಲ್ಲಿ ಅತಿವೇಗವಾಗಿ ಹಾರಿ ಶತ್ರುವಿಮಾನವನ್ನು ತಡೆಯುವ ಮೂಲ ಉದ್ದೇಶ ಈಡೇರದಿದ್ದರೂ, ಕೆಳಮಟ್ಟದಲ್ಲಿ ಹಾರಿ ನೆಲದ ಗುರಿಗಳ ಮೇಲೆ ದಾಳಿ ಮಾಡಲು ವಿಮಾನ ಚೆನ್ನಾಗಿ ಒದಗಿತು. 1971ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನ ಮತ್ತು ಸಿಂಧ್ ಗಡಿಯ ಮರುಭೂಮಿಯಲ್ಲಿ ಮರುತ್‌ಗಳು ಕಾರ್ಯಾಚರಣೆ ನಡೆಸಿದವು. ಶತ್ರುವಿಮಾನದ ಗುಂಡಿಗೆ ಒಂದೂ ಬೀಳಲಿಲ್ಲ. ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿ ಅವರು 7 ಡಿಸೆಂಬರ್‌ನಂದು ಪಾಕಿಸ್ತಾನದ ಸೇಬರ್ ವಿಮಾನವೊಂದನ್ನು ಉರುಳಿಸಿದರು. ಒಂದು ಎಂಜಿನ್ ಕೆಟ್ಟಾಗ ಇನ್ನೊಂದರ ಬಲದಿಂದಲೇ ನೆಲೆಗೆ ಮರಳಿದ ನಿದರ್ಶನಗಳಿವೆ. ದಂಡಿನ ಕುದುರೆಯ ಬಗ್ಗೆ ಟ್ಯಾಂಕ್ ಅವರಿಗಿದ್ದ ಕಲ್ಪನೆ ಇಲ್ಲಿ ಮತ್ತೆ ನಿಜವಾಯಿತು ಎನ್ನಬಹುದು. 1980ರ ದಶಕದಲ್ಲಿ ಮರುತ್ ಸೇವೆಯಿಂದ ನಿವೃತ್ತವಾಯಿತು.

ಭಾರತದ ಮುಂದಿನ ಸ್ವಂತ ಯುದ್ಧವಿಮಾನ ತೇಜಸ್ ಬೆಂಗಳೂರಿನಲ್ಲಿಯೇ 4 ಜನವರಿ 2001ರಂದು ಮೊದಲು ಹಾರಿತು. ಎರಡರ ನಡುವೆ ನಲವತ್ತು ವರ್ಷಗಳ ಅಂತರ. ತೇಜಸ್‌ಗಾಗಿ ಅದೇ ಗ್ಯಾಸ್ ಟರ್ಬೈನ್ ಸಂಸ್ಥೆ ರೂಪಿಸಿದ ಕಾವೇರಿ ಎಂಜಿನ್ ಸಕಾಲಕ್ಕೆ ಸಿದ್ಧವಾಗದೆ, ಅದು ಅಮೆರಿಕದ ಎಂಜಿನ್ನಿನಿಂದ ಹಾರುತ್ತಿದೆ.

ಕೊನೆಯ ದಿನಗಳು

ಟ್ಯಾಂಕ್ ಅವರು 1967ರಲ್ಲಿ ಬೆಂಗಳೂರನ್ನು ಬಿಟ್ಟು ಜರ್ಮನಿಗೆ ಹಿಂದಿರುಗಿದರು. ಅಲ್ಲಿನ ಮೆಸ್ಸರ್‌ಸ್ಮಿಟ್-ಬೋಲ್ಕೊ-ಬ್ಲೋಮ್ ಸಂಸ್ಥೆಗೆ ಸಲಹೆಗಾರರಾಗಿದ್ದರು. 5 ಜೂನ್ 1983ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ಮ್ಯೂನಿಕ್‌ನಲ್ಲಿ ನಿಧನ ಹೊಂದಿದರು. ಆಗ ಮರುತ್ ಇನ್ನೂ ವಾಯುಪಡೆಯ ಸೇವೆಯಲ್ಲಿತ್ತು.

ಮಾದರಿ ಕಿಟ್‌ಗಳಲ್ಲಿ ಟ್ಯಾಂಕ್ ಅವರ ವಿಮಾನಗಳು

ಇಂದಿನ ಅನೇಕ ಯುವಕರಿಗೆ ಟ್ಯಾಂಕ್ ಅವರ ಹೆಸರು ತಲುಪುವುದು ಪುಸ್ತಕಗಳಿಂದಲ್ಲ, ಪ್ಲಾಸ್ಟಿಕ್ ಮಾದರಿಗಳ ಪೆಟ್ಟಿಗೆಗಳಿಂದ. ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ವಿಮಾನ ಕಟ್ಟುವ ಹವ್ಯಾಸದಲ್ಲಿ ಫೋಕೆ-ವುಲ್ಫ್ 190 ಬಹಳ ಜನಪ್ರಿಯ. ಜಪಾನಿನ ಹಸೆಗಾವಾ, ರೆವೆಲ್ ಮೊದಲಾದ ಸಂಸ್ಥೆಗಳು ಇದನ್ನು 1:32ರ ದೊಡ್ಡ ಪ್ರಮಾಣದಲ್ಲಿ ತಂದಿವೆ. ಬ್ರಿಟನ್ನಿನ ಏರ್‌ಫಿಕ್ಸ್ ಮತ್ತು ಚೀನಾದ ಟ್ರಂಪೀಟರ್ 1:24ರಲ್ಲಿ ತಂದಿವೆ.

ಪ್ರಮಾಣವೆಂದರೆ ಶಾಲೆಯ ನಕಾಶೆಯಲ್ಲಿ ಇರುವಂಥದೇ. ನಿಜವಾದ ವಿಮಾನದ ರೆಕ್ಕೆಗಳ ತುದಿಯಿಂದ ತುದಿಗೆ 10.5 ಮೀಟರ್. ಅದನ್ನು 32ರಿಂದ ಭಾಗಿಸಿದರೆ ಸುಮಾರು 33 ಸೆಂಟಿಮೀಟರ್, ಅಂದರೆ ವಿದ್ಯಾರ್ಥಿಯ ಅಡಿಕೋಲಿಗಿಂತ ಕೊಂಚ ಹೆಚ್ಚು. 24ರಿಂದ ಭಾಗಿಸಿದರೆ ಸುಮಾರು 44 ಸೆಂಟಿಮೀಟರ್. ಈ ಗಾತ್ರದಲ್ಲಿ ಹದಿನಾಲ್ಕು ಸಿಲಿಂಡರ್‌ಗಳನ್ನು ಒಂದೊಂದಾಗಿ ಜೋಡಿಸಬಹುದು, ಮುಂದಿನ ಫ್ಯಾನಿನ ಅಲಗುಗಳನ್ನು ಎಣಿಸಬಹುದು, ಗಾಲಿಗಳು ಒಳಮುಖವಾಗಿ ಮಡಚುವ ರೀತಿಯನ್ನು ಕಣ್ಣಾರೆ ಕಾಣಬಹುದು. ಮೇಲೆ ವಿವರಿಸಿದ ಎಂಜಿನ್ ಮತ್ತು ಗಾಲಿಗಳ ಬಗೆಗಿನ ತೀರ್ಮಾನಗಳು ಅಂಥ ಮಾದರಿಯನ್ನು ಕಟ್ಟಿದವರಿಗೆ ಬೇಗ ಅರ್ಥವಾಗುತ್ತವೆ. ವಿಮಾನದ ನಂತರದ ರೂಪದಲ್ಲಿ ನೀರಿನಿಂದ ತಣಿಯುವ ಯೂಮೊ 213 ಎಂಜಿನ್ ಬಂದುದರಿಂದ ಮೂತಿ ಉದ್ದವಾಯಿತು, ತೂಕ ಸರಿದೂಗಿಸಲು ಬಾಲವನ್ನೂ ಅರ್ಧ ಮೀಟರ್ ಹಿಗ್ಗಿಸಬೇಕಾಯಿತು. ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎಂಜಿನ್ ವಿಮಾನದ ಆಕಾರವನ್ನು ಹೇಗೆ ಆಳುತ್ತದೆಂಬುದು ಸ್ಪಷ್ಟವಾಗುತ್ತದೆ.

ಈ ಕಿಟ್‌ಗಳ ಬಗ್ಗೆ ಒಂದು ಮಾತು ಹೇಳುವುದು ಅಗತ್ಯ. ಯುದ್ಧಕಾಲದ ಜರ್ಮನ್ ವಿಮಾನಗಳ ಬಾಲದ ಮೇಲೆ ನಾತ್ಸಿ ಪಕ್ಷದ ಸ್ವಸ್ತಿಕ ಇರುತ್ತಿತ್ತು. ಜರ್ಮನಿಯಲ್ಲಿ ಆ ಚಿಹ್ನೆಯ ಪ್ರದರ್ಶನಕ್ಕೆ ಕಾನೂನಿನ ನಿರ್ಬಂಧವಿರುವುದರಿಂದ ಅನೇಕ ತಯಾರಕರು ಪೆಟ್ಟಿಗೆಯ ಚಿತ್ರದಿಂದಲೂ ಅಂಟಿಸುವ ಗುರುತುಗಳ ಹಾಳೆಯಿಂದಲೂ ಅದನ್ನು ಕೈಬಿಡುತ್ತಾರೆ, ಇಲ್ಲವೇ ತುಂಡು ತುಂಡಾಗಿ ಮುದ್ರಿಸುತ್ತಾರೆ. ಮನೆಯ ಹೊಸ್ತಿಲಲ್ಲಿ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ನಾವು ಬರೆಯುವ ಮಂಗಳಚಿಹ್ನೆಯ ಅರ್ಥವೇ ಬೇರೆ, ಅದರ ವಯಸ್ಸೇ ಬೇರೆ. ಆದರೆ ಆ ಬಾಲದ ಮೇಲೆ ಅದನ್ನು ಕಂಡ ಯುರೋಪಿನ ಜನರಿಗೆ ಅದು ಯಾವುದನ್ನು ನೆನಪಿಸುತ್ತದೆ ಎಂಬುದನ್ನು ಮಾದರಿ ಕಟ್ಟುವ ನಮ್ಮ ಮಕ್ಕಳಿಗೆ ಹಿರಿಯರು ತಿಳಿಸಿಕೊಡುವುದು ಒಳ್ಳೆಯದು.

ನಿಜವಾದ ಮರುತ್ ಅನ್ನು ನೋಡಬಯಸುವವರು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಹಾಗೂ ಎಚ್‌ಎಎಲ್‌ನ ಪಾರಂಪರಿಕ ಕೇಂದ್ರದಲ್ಲಿ ಅದನ್ನು ಕಾಣಬಹುದು. ಬೆಂಗಳೂರಿನಲ್ಲಿ ತಯಾರಾದ ಇನ್ನೊಂದು ಮರುತ್ ಮ್ಯೂನಿಕ್ ಸಮೀಪದ ಓಬರ್‌ಷ್ಲೈಸ್‌ಹೈಮ್‌ನಲ್ಲಿರುವ ಜರ್ಮನ್ ವಸ್ತುಸಂಗ್ರಹಾಲಯದ ವಿಮಾನ ವಿಭಾಗದಲ್ಲಿದೆ.